625, 500, 600, 10: ಒಂದು ವಿದ್ಯಾರ್ಥಿವೇತನದ ಪಟ್ಟಿಯನ್ನು ಒಂದೇ ಅಳತೆಗೆ ತಂದ ಲೆಕ್ಕ

ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹೋಬಳಿಯಲ್ಲಿ ಹಳೆ ವಿದ್ಯಾರ್ಥಿಗಳು ಸೇರಿ ನಡೆಸುವ ಒಂದು ಸಣ್ಣ ನಿಧಿ ಇದೆ. ಮಂಡಿಯಿಂದ ಅಡಿಕೆ ದುಡ್ಡು ಬಂದಾಗ ಒಬ್ಬೊಬ್ಬರು ಕೈಲಾದಷ್ಟು ಹಾಕುತ್ತಾರೆ. ಮಳೆಗಾಲ ಶುರುವಾಗುವ ಹೊತ್ತಿಗೆ ಅದನ್ನು ಮಕ್ಕಳ ಫೀಸು, ಹಾಸ್ಟೆಲ್ ಖರ್ಚಿಗೆ ಹಂಚುತ್ತೇವೆ. ಸೊಸೈಟಿಯಲ್ಲಿ ಲೆಕ್ಕ ಬರೆಯುವವನು ನಾನು, ಹಾಗಾಗಿ ಅರ್ಜಿಗಳನ್ನು ಜೋಡಿಸಿ ಆಯ್ಕೆಪಟ್ಟಿ ಮಾಡುವುದೂ ನನ್ನ ಪಾಲಿಗೆ ಬಂದಿದೆ. ಈ ವರ್ಷ ಹಳೇ ಪದ್ಧತಿ ಬಿಟ್ಟು ಪಟ್ಟಿಯನ್ನು ಮೊದಲಿನಿಂದ ಕಟ್ಟಿದೆ. ಇಂಥದೇ ಕೆಲಸ ಮಾಡುವ ಸಂಘಗಳು ಮಲೆನಾಡಿನಲ್ಲಿ ಊರಿಗೊಂದು ಇವೆ. ಅವರಿಗೆ ಉಪಯೋಗಕ್ಕೆ ಬರಲಿ ಎಂದು ಮಾಡಿದ್ದನ್ನು, ಕೆಟ್ಟದ್ದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ.

ತೊಡಕು ಇರುವುದು ಅಂಕಪಟ್ಟಿಗಳಲ್ಲಿ. ರಾಜ್ಯದ ಎಸ್ಸೆಸ್ಸೆಲ್ಸಿ 625ಕ್ಕೆ, ಸಿಬಿಎಸ್‌ಇ ಹತ್ತನೇ ತರಗತಿ 500ಕ್ಕೆ, ಪಿಯುಸಿ 600ಕ್ಕೆ, ಡಿಗ್ರಿಯವರದ್ದು 10ರ ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರುಗಳ ಗ್ರೇಡು ಪಾಯಿಂಟುಗಳ ಸರಾಸರಿ. ಇವರನ್ನೆಲ್ಲ ಒಬ್ಬರ ಪಕ್ಕ ಒಬ್ಬರನ್ನು ನಿಲ್ಲಿಸಿ ನೋಡಬೇಕು.

ಸಾಮಾನು: ಹಳೇ ಲ್ಯಾಪ್‌ಟಾಪ್, ಎಕ್ಸೆಲ್, ಒಂದು ಪ್ರಿಂಟರ್, ಉದ್ದ ರಿಜಿಸ್ಟರ್, ಕ್ಯಾಲ್ಕುಲೇಟರ್. ಜೂನ್ ತಿಂಗಳಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ, ಹಾಗಾಗಿ ಶೀಟಿನ ಪ್ರತಿ ಹಂತವನ್ನೂ ಪ್ರಿಂಟ್ ತೆಗೆದು ರಿಜಿಸ್ಟರಿಗೆ ಅಂಟಿಸಿದ್ದೆ. ಮುಂದೆ ಜಗಳ ಬಂದಾಗ ಉಳಿಸಿದ್ದು ಈ ಅಂಟಿಸಿದ ಹಾಳೆಗಳೇ.

ಹಂತ 1: ಹಳೇ ಫಾರಂ ಬಿಚ್ಚಿ ನೋಡಿದ್ದು

ಹಳೇ ಫಾರಂನಲ್ಲಿ ‘ಶೇಕಡಾವಾರು ಅಂಕ’ ಎಂಬ ಒಂದೇ ಒಂದು ಚೌಕ ಇತ್ತು. ಅದರಲ್ಲಿ ಮಕ್ಕಳು, ಮನೆಯವರು ತುಂಬಿದ್ದು ಹೀಗೆ: 525. 84. 84.00%. 8.2. ‘ಎ1’. ‘ಡಿಸ್ಟಿಂಕ್ಷನ್’. ಒಬ್ಬ ಹುಡುಗ 91.3 ಎಂದು ಬರೆದಿದ್ದ; ಜೊತೆಗಿಟ್ಟ ಹಾಳೆ ನೋಡಿದರೆ ಅದು ಪಿಯುಸಿ ಅಂಕವಲ್ಲ, ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೈನ್‌ನ ಪರ್ಸೆಂಟೈಲ್.

ಈ ಪರ್ಸೆಂಟೈಲ್ ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ಪರೀಕ್ಷೆ ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿ ಇವನಷ್ಟೇ ಅಥವಾ ಇವನಿಗಿಂತ ಕಡಿಮೆ ತೆಗೆದಿದ್ದಾರೆ ಎಂದು ಪರ್ಸೆಂಟೈಲ್ ಹೇಳುತ್ತದೆ. ಎಷ್ಟಕ್ಕೆ ಎಷ್ಟು ಅಂಕ ಬಂತು ಎಂದು ಹೇಳುವುದಿಲ್ಲ. ಆದ್ದರಿಂದ ಅದನ್ನು ಶೇಕಡಾ ಕಾಲಂಗೆ ಹಾಕಲೇಬಾರದು, ಯಾವ ಸೂತ್ರದಿಂದಲೂ ಹಾಕಬಾರದು. ಆ ಹುಡುಗನಿಂದ ಪಿಯುಸಿ ಅಂಕಪಟ್ಟಿ ತರಿಸಿಕೊಂಡೆವು.

ಹೊಸ ಫಾರಂನಲ್ಲಿ ಶೇಕಡಾ ಚೌಕವನ್ನೇ ತೆಗೆದುಹಾಕಿದೆ. ಬದಲಿಗೆ ಎರಡು ಚೌಕ: ‘ಗಳಿಸಿದ ಅಂಕ’, ‘ಗರಿಷ್ಠ ಅಂಕ’. ಕೆಳಗೆ ಬೋರ್ಡಿನ ಹೆಸರು, ಪಾಸಾದ ವರ್ಷ, ವಿಷಯವಾರು ಅಂಕ. ಭಾಗಾಕಾರ ನಾವು ಮಾಡುತ್ತೇವೆ, ನೀವು ಅಂಕಪಟ್ಟಿಯಲ್ಲಿ ಇರುವುದನ್ನು ಇದ್ದ ಹಾಗೆ ಇಳಿಸಿ ಎಂದು ದಪ್ಪಕ್ಷರದಲ್ಲಿ ಹಾಕಿಸಿದೆ.

ಸಮಿತಿಯಲ್ಲಿರುವ ನಿವೃತ್ತ ಹೆಡ್‌ಮಾಸ್ಟ್ರು ಫಾರಂ ನೋಡಿ, “ಶೇಕಡಾ ಮಾಡಕ್ಕೆ ಎಂತ ಇದೆ ಮಾರಾಯ, ಭಾಗ್ಸಿ ನೂರರಿಂದ ಗುಣಿಸು, ಮುಗೀತಲ್ಲ” ಎಂದರು. “ಯಾವ್ದುನ್ನ ಯಾವ್ದರಿಂದ ಭಾಗ್ಸದು ಅನ್ನೋದೇ ಗೊತ್ತಾಗ್ತಿಲ್ಲ ಮೇಷ್ಟ್ರೆ” ಎಂದೆ. ಉಳಿದ ಕೆಲಸವೆಲ್ಲ ಈ ಒಂದು ಮಾತಿನ ಸುತ್ತವೇ ನಡೆದದ್ದು.

ಹಂತ 2: ಶೀಟು

‘ಗಳಿಸಿದ್ದು’ ಒಂದು ಕಾಲಂ, ‘ಗರಿಷ್ಠ’ ಒಂದು ಕಾಲಂ, ಮೂರನೆಯದರಲ್ಲಿ ಗಳಿಸಿದ್ದು ÷ ಗರಿಷ್ಠ × 100. ಇಷ್ಟು ಸರಳ ಶೀಟೂ ಮೂರು ಕಡೆ ಕೆಟ್ಟಿತು.

ಟೈಪ್ ಮಾಡಲು ಕೂತ ಹುಡುಗ ಎರಡನ್ನೂ ಸೇರಿಸಿ ಒಂದೇ ಕೋಶದಲ್ಲಿ 525/625 ಎಂದು ಹೊಡೆದ. ಎಕ್ಸೆಲ್ ಅದನ್ನು ಅಂಕಿ ಎಂದು ಹಿಡಿಯಲಿಲ್ಲ, ಬರೀ ಅಕ್ಷರ ಎಂದು ಇಟ್ಟುಕೊಂಡಿತು. ಸಿಜಿಪಿಎ ಇರುವ ಕಡೆ 8/10 ಎಂದು ಹೊಡೆದಾಗ ಅಕ್ಟೋಬರ್ 8 ಎಂಬ ತಾರೀಕಾಗಿ ಕೂತಿತು. ಗುರುತು ಹಿಡಿಯುವ ದಾರಿ ಸುಲಭ: ಅಂಕಿಯಾದರೆ ಕೋಶದ ಬಲಕ್ಕೆ ಕೂರುತ್ತದೆ, ಅಕ್ಷರವಾದರೆ ಎಡಕ್ಕೆ. ತಾರೀಕು ಮಾತ್ರ ಬಲಕ್ಕೇ ಕೂತು ಮೋಸ ಮಾಡುತ್ತದೆ, ಅದನ್ನು ಕಣ್ಣಿಟ್ಟು ಹುಡುಕಬೇಕು.

ಮೂರನೆಯದು ಶೇಕಡಾ ಗುರುತಿನ ಬಟನ್. ಸೂತ್ರದಲ್ಲಿ ಆಗಲೇ 100ರಿಂದ ಗುಣಿಸಿದ ಮೇಲೆ ಆ ಬಟನ್ ಒತ್ತಿದರೆ 84 ಇದ್ದದ್ದು 8400% ಆಗುತ್ತದೆ. ಗುಣಿಸಬೇಕು, ಇಲ್ಲವೇ ಬಟನ್ ಒತ್ತಬೇಕು, ಎರಡರಲ್ಲಿ ಒಂದು. ನಾನು ಗುಣಿಸುವುದನ್ನೇ ಇಟ್ಟುಕೊಂಡೆ. ಮುಂದೆ ಅಂಕಕ್ಕೆ 60, ಅಗತ್ಯಕ್ಕೆ 40 ಎಂದು ಪಾಲು ಹಾಕುವಾಗ ಕಣ್ಣಿಗೆ ಕಾಣುವ ಅಂಕಿಯೇ ಕೋಶದೊಳಗೂ ಇರಬೇಕು.

‘ಗರಿಷ್ಠ’ ಕಾಲಂಗೆ 625, 600, 500, 10 ಈ ನಾಲ್ಕನ್ನು ಬಿಟ್ಟು ಬೇರೇನೂ ಬೀಳದಂತೆ ಪಟ್ಟಿ ಕಟ್ಟಿದೆ. ಗಳಿಸಿದ್ದು ಗರಿಷ್ಠಕ್ಕಿಂತ ಹೆಚ್ಚಾದರೆ ಕೋಶ ಕೆಂಪಾಗುವಂತೆಯೂ ಮಾಡಿದೆ. ಕೆಂಪು ತಕ್ಷಣ ಒಂದು ಕಡೆ ಬಂತು: 560, ಗರಿಷ್ಠ 500. ಪಿಯುಸಿ ಹುಡುಗಿಯನ್ನು ಸಿಬಿಎಸ್‌ಇ ಸಾಲಿಗೆ ಹಾಕಲಾಗಿತ್ತು.

ಹಂತ 3: ಒಂದೇ 525, ಎರಡು ಶೇಕಡಾ

ಹಳೇ ರಿಜಿಸ್ಟರಿನಲ್ಲಿ ಎಸ್ಸೆಸ್ಸೆಲ್ಸಿಯವರ ಶೇಕಡಾ ನಮ್ಮ ಹೊಸ ಲೆಕ್ಕಕ್ಕೆ ತಾಳೆಯಾಗಲಿಲ್ಲ. ಹಿಂದಿನವರು ಪ್ರತಿ ವಿಷಯದ ಶೇಕಡಾ ತೆಗೆದು, ಆರೂ ಕೂಡಿಸಿ, ಆರರಿಂದ ಭಾಗಿಸುತ್ತಿದ್ದರು. ನೋಡಲು ಸರಿಯೇ. ಆದರೆ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100.

ಇಬ್ಬರು ಮಕ್ಕಳನ್ನು ಇಟ್ಟು ನೋಡಿ. ಒಬ್ಬಳಿಗೆ ಕನ್ನಡದಲ್ಲಿ 125ಕ್ಕೆ 125, ಉಳಿದ ಐದರಲ್ಲಿ ತಲಾ 80. ಒಟ್ಟು 525. ಇನ್ನೊಬ್ಬನಿಗೆ ಕನ್ನಡದಲ್ಲಿ 75, ಉಳಿದ ಐದರಲ್ಲಿ ತಲಾ 90. ಅವನದೂ ಒಟ್ಟು 525. 625ರಿಂದ ಭಾಗಿಸಿದರೆ ಇಬ್ಬರಿಗೂ ಶೇ 84. ಹಳೇ ರಿಜಿಸ್ಟರಿನ ಪ್ರಕಾರ ಅವಳಿಗೆ 83.33, ಅವನಿಗೆ 85.00. ಕಟ್‌ಆಫ್ 85 ಇದ್ದ ವರ್ಷಗಳಲ್ಲಿ ಅವನಿಗೆ ದುಡ್ಡು ಸಿಗುತ್ತಿತ್ತು, ಅವಳಿಗೆ ಇಲ್ಲ. ಕನ್ನಡದಲ್ಲಿ ಪೂರ್ತಿ ಅಂಕ ತೆಗೆದದ್ದೇ ಅವಳಿಗೆ ಮುಳುವಾಗುತ್ತಿತ್ತು. ಸರಾಸರಿ ತೆಗೆದಾಗ ಕನ್ನಡದ ಹೆಚ್ಚಿನ 25 ಅಂಕದ ತೂಕ ಅಳಿಸಿಹೋಗುತ್ತದೆ.

ಶೇಕಡಾಗಳ ಸರಾಸರಿ ಬೇರೆ, ಮೊತ್ತದ ಶೇಕಡಾ ಬೇರೆ; ಎಲ್ಲ ವಿಷಯಗಳ ಗರಿಷ್ಠ ಒಂದೇ ಆಗಿದ್ದಾಗ ಮಾತ್ರ ಎರಡೂ ಖಚಿತವಾಗಿ ಒಂದಾಗುತ್ತವೆ. ಬೋರ್ಡ್ 125 ಎಂದು ಇಟ್ಟಿದ್ದರೆ ಅದಕ್ಕೆ ಆ ತೂಕ ಸಲ್ಲಬೇಕು. ಮೊತ್ತದ ಶೇಕಡಾವನ್ನೇ ಇಟ್ಟುಕೊಂಡೆವು.

ಅಂದಹಾಗೆ ಆ 625ರ ಒಳಗೇ ಒಮ್ಮೆ ಅಳತೆ ಬದಲಾಯಿಸಿದ ಅಂಕ ಕೂತಿರುತ್ತದೆ. ಪ್ರತಿ ವಿಷಯಕ್ಕೂ ವರ್ಷದುದ್ದಕ್ಕೂ ಶಾಲೆಯಲ್ಲೇ ನಡೆಸುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ತಲಾ 50, ಒಟ್ಟು 200. ಅದನ್ನು 20ಕ್ಕೆ ಇಳಿಸಿ ಲಿಖಿತದ 80ಕ್ಕೆ ಸೇರಿಸುತ್ತಾರೆ. ಪ್ರಥಮ ಭಾಷೆಗಾದರೆ 25ಕ್ಕೆ ಇಳಿಸಿ 100ಕ್ಕೆ. ಹೈಸ್ಕೂಲಿನ ಮೇಷ್ಟ್ರುಗಳು ವರ್ಷವೂ ಕೈಯಲ್ಲೇ ಮಾಡುವ ಕೆಲಸ ಇದು.

ಹಂತ 4: ಸಿಬಿಎಸ್‌ಇಯ ಆರನೇ ವಿಷಯ

ಸಿಬಿಎಸ್‌ಇ ಅಂಕಪಟ್ಟಿಯಲ್ಲಿ ಮೊತ್ತವೇ ಇರುವುದಿಲ್ಲ. ಒಟ್ಟು ಶೇಕಡಾ, ಡಿವಿಷನ್, ಡಿಸ್ಟಿಂಕ್ಷನ್ ಯಾವುದನ್ನೂ ತಾನು ಕೊಡುವುದಿಲ್ಲ ಎಂದು ಬೋರ್ಡು 2023ರ ಡಿಸೆಂಬರಿನಲ್ಲಿ ಮತ್ತೆ ಸ್ಪಷ್ಟಪಡಿಸಿತು. ಐದಕ್ಕಿಂತ ಹೆಚ್ಚು ವಿಷಯ ತೆಗೆದುಕೊಂಡಿದ್ದರೆ ಯಾವ ಐದನ್ನು ಹಿಡಿಯಬೇಕು ಎನ್ನುವುದನ್ನು ಸೇರಿಸಿಕೊಳ್ಳುವ ಸಂಸ್ಥೆಗೆ ಅಥವಾ ಕೆಲಸ ಕೊಡುವವರಿಗೆ ಬಿಟ್ಟಿದೆ. ನಮ್ಮ ಮಟ್ಟಿಗೆ ಅದು ಸಮಿತಿಯ ತಲೆಗೆ ಬಂತು.

ಒಂದು ಅಂಕಪಟ್ಟಿ ಹೀಗಿತ್ತು: ಮುಖ್ಯ ಐದು ವಿಷಯ 92, 88, 81, 78, 66, ಆರನೆಯದು ಕಂಪ್ಯೂಟರಿಗೆ ಸಂಬಂಧಿಸಿದ ಕೌಶಲ ವಿಷಯ, 95.

ಮುಖ್ಯ ಐದನ್ನು ಹಿಡಿದರೆ 405, ಶೇ 81.
ಆರನ್ನೂ ಹಿಡಿದರೆ 600ಕ್ಕೆ 500, ಶೇ 83.33.
66 ಬಿಟ್ಟು 95 ಸೇರಿಸಿ ಅತ್ಯುತ್ತಮ ಐದು ಹಿಡಿದರೆ 434, ಶೇ 86.8.

ಒಂದೇ ಹುಡುಗ, ಒಂದೇ ಕಾಗದ. ಹುಡುಗನ ಅಪ್ಪ ಕೊನೆಯದನ್ನು ಹಿಡಿಯಬೇಕು ಎಂದು ಕೇಳಿಕೊಂಡರು. ಕೇಳಿದ್ದರಲ್ಲಿ ತಪ್ಪಿಲ್ಲ, ಅನೇಕ ಕಾಲೇಜುಗಳು ಹಾಗೆಯೇ ಹಿಡಿಯುತ್ತವೆ. ಆದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಕಡಿಮೆ ಬಂದ ವಿಷಯವನ್ನು ಬಿಡುವ ಅವಕಾಶ ಇಲ್ಲ, ಗಣಿತದಲ್ಲಿ 40 ಬಂದರೂ ಅದು 625ರ ಒಳಗೇ ಇರುತ್ತದೆ. ಒಬ್ಬರಿಗೆ ಆರಿಸಿಕೊಳ್ಳುವ ಹಕ್ಕು ಕೊಟ್ಟು ಇನ್ನೊಬ್ಬರಿಗೆ ಕೊಡದೆ ಇಬ್ಬರ ಶೇಕಡಾವನ್ನು ಪಕ್ಕಪಕ್ಕ ಇಟ್ಟರೆ ಅದು ಹೋಲಿಕೆಯೇ ಅಲ್ಲ. ಮುಖ್ಯ ಐದನ್ನೇ ಹಿಡಿಯುವುದು ಎಂದು ತೀರ್ಮಾನಿಸಿ, ಮುಂದಿನ ವರ್ಷದ ಪ್ರಕಟಣೆಯ ಕರಡಿನಲ್ಲಿ ಸೇರಿಸಿದೆವು. ಈ ವರ್ಷ ಅದು ಮೊದಲೇ ಬರೆದಿರಲಿಲ್ಲವಾದ್ದರಿಂದ ಆ ಅಪ್ಪನ ಮನೆಗೇ ಹೋಗಿ ಲೆಕ್ಕ ತೋರಿಸಿ ಬಂದೆ.

ಹಂತ 5: ಪರದೆಯ ಮೇಲೆ 85, ಪಕ್ಕದಲ್ಲಿ ‘ಅನರ್ಹ’

ಶೀಟು ನೋಡಲು ಚೆನ್ನಾಗಿರಲಿ ಎಂದು ಶೇಕಡಾ ಕಾಲಂನ ದಶಮಾಂಶ ತೆಗೆದಿದ್ದೆ. ಅರ್ಹತೆ ಶೇ 85 ಎಂದು ಆಗ ಇತ್ತು. ಒಂದು ಸಾಲಿನಲ್ಲಿ 85 ಎಂದು ಕಾಣುತ್ತಿದೆ, ಪಕ್ಕದ ಕೋಶ ‘ಅನರ್ಹ’ ಎನ್ನುತ್ತಿದೆ. ಸೂತ್ರ ಹಾಳಾಗಿದೆ ಎಂದು ಎಲ್ಲ ಬಿಚ್ಚಿ ನೋಡಿದೆ, ಹಾಳಾಗಿರಲಿಲ್ಲ. ಹುಡುಗಿಯ ಅಂಕ 531. 625ರಿಂದ ಭಾಗಿಸಿದರೆ 84.96. ಎಕ್ಸೆಲ್ ತೋರಿಸುವಾಗ ಮಾತ್ರ ಹತ್ತಿರದ ಪೂರ್ಣಾಂಕಕ್ಕೆ ಏರಿಸುತ್ತದೆ, ಹೋಲಿಸುವಾಗ ಒಳಗಿರುವ ಅಂಕಿಯನ್ನೇ ನೋಡುತ್ತದೆ. ಶೇ 85 ಅಂದರೆ 531.25, ಅಂಥ ಅಂಕ ಯಾರಿಗೂ ಬರುವುದಿಲ್ಲ.

ಇದನ್ನು ಸರಿಮಾಡಲು ರೌಂಡ್ ಸೂತ್ರ ಹಾಕಿದರೆ 531ರ ಹುಡುಗಿ ಒಳಗೆ ಬರುತ್ತಾಳೆ. ಆದರೆ ಪೂರ್ಣಾಂಕಕ್ಕೆ ಏರಿಸಿದರೆ 84.5 ಕೂಡ 85 ಆಗುತ್ತದೆ, ಆಗ 529 ತೆಗೆದವರೂ ಒಳಗೆ; ಬಾಗಿಲು ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಕೊನೆಗೆ ಮಾಡಿದ್ದು ಇದು: ಅರ್ಹತೆಯನ್ನು ಶೇಕಡಾದಲ್ಲಿ ಹೇಳುವುದನ್ನೇ ಬಿಟ್ಟು ಪ್ರತಿ ಬೋರ್ಡಿಗೂ ನೇರ ಅಂಕದಲ್ಲಿ ಬರೆಯುವುದು. 85 ಆದರೆ ಎಸ್ಸೆಸ್ಸೆಲ್ಸಿಗೆ 532, ಪಿಯುಸಿಗೆ 510, ಸಿಬಿಎಸ್‌ಇಗೆ 425. ಮನೆಯಲ್ಲಿ ಕೂತ ತಾಯಿ ಅಂಕಪಟ್ಟಿ ನೋಡಿ ತಾನೇ ಹೇಳಬಹುದು, ಭಾಗಾಕಾರವೇ ಬೇಡ. ಶೀಟಿನೊಳಗೆ ರೌಂಡ್ ಎಲ್ಲೂ ಇಲ್ಲ. ಕೊನೆಯ ಪ್ರಿಂಟಿನಲ್ಲಿ ಎರಡು ದಶಮಾಂಶ ತೋರಿಸುತ್ತೇವೆ, ಅಷ್ಟೆ.

ಹಂತ 6: ಆದಾಯವನ್ನೂ ನೂರರ ಅಳತೆಗೆ

ನಿಧಿ ಇರುವುದು ಕಷ್ಟದಲ್ಲಿರುವ ಮಕ್ಕಳಿಗೆ. ಅಂಕ ಒಂದನ್ನೇ ನೋಡಿದರೆ ಆಗದು ಎಂದು ಸಮಿತಿ ಹೇಳಿತು: ಅಂಕಕ್ಕೆ 60, ಅಗತ್ಯಕ್ಕೆ 40. ಅಗತ್ಯಕ್ಕೆ ಆಧಾರ ನಾಡಕಚೇರಿಯ ಆದಾಯ ಪ್ರಮಾಣಪತ್ರ. ಅಂಕ ಹೆಚ್ಚಾದಷ್ಟೂ ಮೇಲೆ, ಆದಾಯ ಕಡಿಮೆಯಾದಷ್ಟೂ ಮೇಲೆ, ದಿಕ್ಕೇ ತಿರುಗುಮುರುಗು.

ಮೊದಲು ಮಾಡಿದ್ದು: ಬಂದ ಅರ್ಜಿಗಳಲ್ಲಿ ಅತಿ ಹೆಚ್ಚು ಆದಾಯಕ್ಕೆ 0, ಅತಿ ಕಡಿಮೆಗೆ 100, ನಡುವಿನವರಿಗೆ ಪ್ರಮಾಣದಂತೆ. ಆಗ ಅತಿ ಹೆಚ್ಚು 2,40,000, ಅತಿ ಕಡಿಮೆ 40,000. ಮನೆಯ ಆದಾಯ 1,40,000 ಇದ್ದ ಹುಡುಗಿಗೆ ಸರಿಯಾಗಿ 50 ಬಂತು. ಸಂಜೆ ಇನ್ನೊಂದು ಅರ್ಜಿ ಬಂತು, ಆದಾಯ 20,000. ಟೈಪ್ ಮಾಡಿದ ತಕ್ಷಣ ಆ ಹುಡುಗಿಯ 50 ಇಳಿದು 45.45 ಆಯಿತು. ಅವಳ ಅಂಕ ಬದಲಾಗಿಲ್ಲ, ಮನೆಯ ಕಷ್ಟ ಕಡಿಮೆಯಾಗಿಲ್ಲ, ಅವಳ ಕಾಗದವನ್ನು ಯಾರೂ ಮುಟ್ಟಿಲ್ಲ. ಎರಡೂ ಪ್ರಿಂಟುಗಳು ರಿಜಿಸ್ಟರಿನಲ್ಲಿ ಅಕ್ಕಪಕ್ಕ ಅಂಟಿಕೊಂಡಿವೆ. ಅಳತೆಗೋಲಿನ ತುದಿಗಳನ್ನು ಬಂದ ಅರ್ಜಿಗಳಿಂದಲೇ ತೆಗೆದುಕೊಂಡರೆ ಹೀಗೇ ಆಗುವುದು: ಪ್ರತಿ ಹೊಸ ಅರ್ಜಿಗೂ ಎಲ್ಲರ ಲೆಕ್ಕ ಅಲುಗಾಡುತ್ತದೆ.

ತುದಿಗಳನ್ನು ನಿಯಮದಲ್ಲೇ ಕಟ್ಟಿಹಾಕಿದೆವು. ಆದಾಯ 2,50,000 ಆದರೆ 0, ಸೊನ್ನೆ ಆದರೆ 100. ಅಂದರೆ 2,50,000ದಿಂದ ಆದಾಯ ಕಳೆದು, 2,50,000ದಿಂದ ಭಾಗಿಸಿ, ನೂರರಿಂದ ಗುಣಿಸುವುದು. 50,000ಕ್ಕೆ 80, 2,00,000ಕ್ಕೆ 20. ಇನ್ನು ಎಷ್ಟು ಅರ್ಜಿ ಬಂದರೂ ಯಾರದೂ ಕದಲುವುದಿಲ್ಲ.

ಹಂತ 7: ಶೇಕಡಾ ಒಂದೇ, ಹರವು ಬೇರೆ

ಈ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದು. ನನ್ನ ಪ್ರಕಾರ ಅತಿ ಮುಖ್ಯವಾದದ್ದೂ ಇದೇ. ಇಲ್ಲಿಯವರೆಗೆ ಎಲ್ಲವೂ ನೂರಕ್ಕೆ ಬಂದಿವೆ. ಇನ್ನು 60ರ ಪಾಲು, 40ರ ಪಾಲು ಹಾಕಿ ಕೂಡಿಸಿದರೆ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದರು.

ಕೂಡಿಸುವ ಮೊದಲು ಹೀಗೆ ಪಾಲು ಹಾಕುವ ದೊಡ್ಡ ಪದ್ಧತಿಯೊಂದನ್ನು ನೋಡಿಕೊಂಡೆ: ನಮ್ಮ ಸಿಇಟಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300ರ ಅಂಕ, ಸಿಇಟಿಯ 180ರ ಅಂಕ, ಎರಡನ್ನೂ ನೂರಕ್ಕೆ ತಂದು ಅರ್ಧರ್ಧ ಹಿಡಿಯುತ್ತಾರೆ. ಪಿಯುಸಿಯಲ್ಲಿ 270, ಸಿಇಟಿಯಲ್ಲಿ 90 ಇದ್ದವನಿಗೆ 90 ಮತ್ತು 50, ಸರಾಸರಿ 70. ಪಿಯುಸಿಯಲ್ಲಿ 210, ಸಿಇಟಿಯಲ್ಲಿ 126 ಇದ್ದವಳಿಗೆ 70 ಮತ್ತು 70, ಅವಳಿಗೂ 70. ನೂರಕ್ಕೆ ತರದೆ ಬರೀ ಅಂಕ ಕೂಡಿಸಿದ್ದರೆ 480ಕ್ಕೆ ಅವನಿಗೆ 360, ಅವಳಿಗೆ 336. ದೊಡ್ಡ ಗರಿಷ್ಠ ಇರುವ ಪರೀಕ್ಷೆ ಚಿಕ್ಕದನ್ನು ನುಂಗುತ್ತಿತ್ತು. ಗರಿಷ್ಠಗಳ ಈ ತೊಂದರೆಯನ್ನು ಶೇಕಡಾ ಖಂಡಿತ ನಿವಾರಿಸುತ್ತದೆ.

ಹರವಿನ ತೊಂದರೆಯನ್ನು ನಿವಾರಿಸುವುದಿಲ್ಲ. ನಮ್ಮ ಅರ್ಜಿಗಳಲ್ಲಿ ಇಬ್ಬರನ್ನು ತೆಗೆದುಕೊಳ್ಳುತ್ತೇನೆ. ಮೊದಲನೆಯವಳು: ಅಂಕ ಶೇ 97, ಆದಾಯ 2,00,000, ಅಗತ್ಯ 20. ಎರಡನೆಯವಳು: ಅಂಕ ಶೇ 86, ಆದಾಯ 1,00,000, ಅಗತ್ಯ 60.

60:40ರಲ್ಲಿ ಮೊದಲನೆಯವಳಿಗೆ 58.2 + 8 = 66.2. ಎರಡನೆಯವಳಿಗೆ 51.6 + 24 = 75.6.

ಅಂಕಕ್ಕೆ 60 ಪಾಲು ಎಂದು ಹೇಳಿದ್ದೇವೆ. ಆದರೆ ಅರ್ಹತೆಯೇ 85 ಇದ್ದಾಗ ಎಲ್ಲರ ಅಂಕವೂ 85ರಿಂದ 98ರೊಳಗೆ ಕಿಕ್ಕಿರಿದಿದೆ. ಅತಿ ಮೇಲಿನವಳಿಗೂ ಅತಿ ಕೆಳಗಿನವನಿಗೂ ಇರುವ ವ್ಯತ್ಯಾಸ 13; ಅದರ 60 ಪಾಲು ಅಂದರೆ 7.8. ಅಗತ್ಯದ ಅಂಕಿಯೋ ಸೊನ್ನೆಯ ಹತ್ತಿರದಿಂದ ತೊಂಬತ್ತರ ಮೇಲಿನವರೆಗೂ ಹರಡಿಕೊಂಡಿದೆ. ಅದರ 40 ಪಾಲು ಅಂದರೆ ಮೂವತ್ತೈದಕ್ಕೂ ಮೇಲೆ. ಕಾಗದದ ಮೇಲೆ 60:40, ನಿಜದಲ್ಲಿ ಆಯ್ಕೆಯನ್ನು ಪೂರ್ತಿ ಆದಾಯವೇ ಮಾಡುತ್ತಿತ್ತು. ಆದಾಯವೇ ಆರಿಸಲಿ ಎನ್ನುವುದಾದರೆ ಹಾಗೆಂದೇ ಪ್ರಕಟಣೆಯಲ್ಲಿ ಹೇಳಬೇಕು. ಅಂಕಕ್ಕೆ 60 ಎಂದು ಹೇಳಿ ಹೀಗೆ ಮಾಡಿದರೆ ರಾತ್ರಿ ಓದಿದ ಮಕ್ಕಳಿಗೆ ಅನ್ಯಾಯ.

ಅದಕ್ಕೆ ಅಂಕವನ್ನು ಎಳೆದು ಹಿಗ್ಗಿಸಿದೆ: 85ಕ್ಕೆ 0, 100ಕ್ಕೆ 100. ಮೊದಲನೆಯವಳಿಗೆ 80, ಎರಡನೆಯವಳಿಗೆ 6.67. ಪಾಲು ಹಾಕಿದರೆ 56, 28. ಈಗ ತಕ್ಕಡಿ ಇನ್ನೊಂದು ಕಡೆ ಪೂರ್ತಿ ಬಿತ್ತು. ಶೇ 86 ತೆಗೆದವಳು ಸೊನ್ನೆಯ ಹತ್ತಿರ ಕೂತಳು, ಅವಳ ಮನೆಯ ಕಷ್ಟಕ್ಕೆ ಬೆಲೆಯೇ ಇಲ್ಲ.

ಸೊನ್ನೆಯನ್ನು ಎಲ್ಲಿ ಇಡುತ್ತೇವೆ ಎನ್ನುವುದರ ಮೇಲೆ ಎಲ್ಲ ನಿಂತಿದೆ ಎಂದು ಆಗ ಸಮಿತಿಗೆ ಮನವರಿಕೆಯಾಯಿತು. ಮೇಷ್ಟ್ರು ಕ್ಯಾಲ್ಕುಲೇಟರ್ ಹಿಡಿದು ತಾವೇ ಎರಡೆರಡು ಸಲ ಲೆಕ್ಕ ಮಾಡಿ, “85 ಅನ್ನೋ ಬಾಗಿಲೇ ಹೆಚ್ಚಾಯ್ತು ಕಣೋ. ಬಸ್ಸಿಲ್ಲದ ಊರಿಂದ ನಡ್ಕೊಂಡು ಬರೋ ಮಕ್ಳು ಒಳಗೇ ಬರಲ್ಲ ಅಲ್ದಾ?” ಎಂದರು. ಅರ್ಹತೆಯನ್ನು ಫಸ್ಟ್ ಕ್ಲಾಸಿಗೆ, ಅಂದರೆ ಶೇ 60ಕ್ಕೆ ಇಳಿಸಿದೆವು. 625ಕ್ಕೆ 375, 600ಕ್ಕೆ 360, 500ಕ್ಕೆ 300. ಭಿನ್ನಾಂಶವೂ ಇಲ್ಲ, ಹಂತ 5ರ ತಕರಾರೂ ಇಲ್ಲ. ಈ 60ನ್ನೇ ಸೊನ್ನೆ ಎಂದು ಹಿಡಿದು 100ರವರೆಗೆ ಹಿಗ್ಗಿಸಿದರೆ ಮೊದಲನೆಯವಳಿಗೆ 92.5, ಎರಡನೆಯವಳಿಗೆ 65. 60:40ರಲ್ಲಿ 63.5 ಮತ್ತು 63.0. 50:50ರಲ್ಲಿ 56.25 ಮತ್ತು 62.5.

ಯಾವುದನ್ನು ಹಿಡಿಯಬೇಕು ಎಂದು ಎಕ್ಸೆಲ್ ಹೇಳುವುದಿಲ್ಲ. ಹೆಸರಿನ ಕಾಲಂ ಮರೆಮಾಡಿ, ಯಾವ ಸಾಲು ಯಾರದು ಎಂದು ಗೊತ್ತಾಗದಂತೆ ಮಾಡಿ, ನಿಯಮ ಮಾತ್ರ ಮೇಜಿನ ಮೇಲಿಟ್ಟು ಕೇಳಿದೆ. 50:50 ಎಂದು ಒಪ್ಪಿಗೆಯಾಯಿತು. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿದ ಮೇಲೆಯೇ ಹೆಸರು ತೆರೆದದ್ದು. ಇಂಥ ಪಟ್ಟಿ ಮಾಡುವವರು ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬಾರದು ಎಂದು ಕೇಳಿಕೊಳ್ಳುತ್ತೇನೆ: ಸೊನ್ನೆ ಎಲ್ಲಿ, ನೂರು ಎಲ್ಲಿ, ಪಾಲು ಎಷ್ಟು, ಈ ಮೂರನ್ನು ಹೆಸರು ನೋಡುವ ಮೊದಲು ಗೊತ್ತುಮಾಡಿ.

ಅರ್ಹತೆ ಇಳಿಸಿದ್ದರಿಂದ ಮತ್ತೊಮ್ಮೆ ಪ್ರಕಟಣೆ ಕೊಟ್ಟು, ಕೊನೇ ದಿನಾಂಕ ಮುಂದೂಡಬೇಕಾಯಿತು. ಹೊಸದಾಗಿ ಬಂದ ಅರ್ಜಿಗಳೇ ಒಂದು ಕಟ್ಟು ಆದವು.

ಹಂತ 8: ಬೋರ್ಡಿಗೆ ಬೋರ್ಡು

625ಕ್ಕೆ ಶೇ 90, 500ಕ್ಕೆ ಶೇ 90 ಎರಡೂ ಒಂದೇ ಎಂದು ಗಣಿತ ಹೇಳುತ್ತದೆ. ಆದರೆ ಪ್ರಶ್ನೆಪತ್ರಿಕೆ ಬೇರೆ, ಅಂಕ ಹಾಕುವ ಕೈ ಬೇರೆ, ಪಠ್ಯ ಬೇರೆ. ಪ್ರತಿ ಬೋರ್ಡಿನ ಸರಾಸರಿಯಿಂದ ಯಾರು ಎಷ್ಟು ದೂರ ಎಂದು ಅಳೆಯುವ ಪದ್ಧತಿಯನ್ನೂ ಹಾಕಿ ನೋಡಿದೆ. ಸಿಬಿಎಸ್‌ಇಯವರು ಹನ್ನೆರಡೇ ಮಂದಿ. ಒಬ್ಬನನ್ನು ತೆಗೆದರೆ ಸರಾಸರಿಯೇ ಜರುಗುತ್ತದೆ. ಹಂತ 6ರ ಕಾಯಿಲೆಯೇ ಮತ್ತೆ. ಬಿಟ್ಟೆ.

ಬದಲಿಗೆ ಹತ್ತನೇ ತರಗತಿ ಗುಂಪಿನ 20 ವೇತನಗಳನ್ನು ಅರ್ಜಿಗಳ ಪ್ರಮಾಣದಲ್ಲಿ ಹಂಚಿದೆವು. ಎಸ್ಸೆಸ್ಸೆಲ್ಸಿ 48, ಸಿಬಿಎಸ್‌ಇ 12. ಆದ್ದರಿಂದ 16 ಮತ್ತು 4. ಪಟ್ಟಿ ಆಯಾ ಬೋರ್ಡಿನೊಳಗೇ. ಈ ಸಲ ಶೇಷ ಉಳಿಯದೆ ಸರಿಹೋಯಿತು. ಉಳಿದರೆ ಭಿನ್ನಾಂಶ ದೊಡ್ಡದಿರುವ ಗುಂಪಿಗೆ ಎಂದು ಬರೆದಿಟ್ಟಿದ್ದೇವೆ.

ಹಂತ 9: ಸಿಜಿಪಿಎ, ಇನ್ನೂ ಸಿಕ್ಕಿಕೊಂಡಿರುವುದು

ಡಿಗ್ರಿ ಗುಂಪು ಇನ್ನೂ ಮುಗಿದಿಲ್ಲ. ಸಿಜಿಪಿಎ 8.2 ಅಂದರೆ ಶೇಕಡಾ ಎಷ್ಟು? 10ರಿಂದ ಗುಣಿಸಿದರೆ 82. 9.5ರಿಂದ ಗುಣಿಸಿದರೆ 77.9. ವಿಟಿಯುವಿನಲ್ಲಿ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹಿಂದೆ ಬಳಕೆಯಲ್ಲಿದ್ದ ಸೂತ್ರದಂತೆ 0.75 ಕಳೆದು 10ರಿಂದ ಗುಣಿಸಿದರೆ 74.5. ಬಂದ ಫಾರಂಗಳಲ್ಲಿ ಈ ಮೂರೂ ಬಗೆ ಇವೆ.

9.5 ಎನ್ನುವುದು ಸಿಬಿಎಸ್‌ಇ ಹತ್ತನೇ ತರಗತಿಗೆ ಗ್ರೇಡು ಕೊಡುತ್ತಿದ್ದ ಕಾಲದ್ದು. 2018ರಿಂದ ಅಲ್ಲಿ ಮತ್ತೆ ಬೋರ್ಡ್ ಪರೀಕ್ಷೆ ಕಡ್ಡಾಯವಾಗಿ ಆ ಲೆಕ್ಕ ನಿಂತಿತು. ಅದರಲ್ಲಿ 91ರಿಂದ 100ರವರೆಗೆ ಎಲ್ಲರಿಗೂ 10 ಪಾಯಿಂಟ್. ಅಂದರೆ ಎಲ್ಲದರಲ್ಲೂ 91 ತೆಗೆದವನಿಗೂ ಶೇ 95, ಎಲ್ಲದರಲ್ಲೂ 100 ತೆಗೆದವಳಿಗೂ ಶೇ 95. ಒಮ್ಮೆ ಗ್ರೇಡಿಗೆ ಇಳಿದ ಅಂಕವನ್ನು ಯಾವ ಗುಣಾಕಾರವೂ ವಾಪಸ್ ತರುವುದಿಲ್ಲ. ಇಂಜಿನಿಯರಿಂಗ್ ಸಿಜಿಪಿಎಗೆ ಆ ಸೂತ್ರ ಹಾಕಲು ಯಾವ ಆಧಾರವೂ ಇಲ್ಲ, ಆದರೂ ಅಭ್ಯಾಸದಿಂದ ಹಾಕಿಕೊಂಡು ಬರುತ್ತಾರೆ.

ನಮ್ಮಲ್ಲಿ ವಿಟಿಯುವಿನವರಿದ್ದಾರೆ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರಿದ್ದಾರೆ, ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದವರಿದ್ದಾರೆ. ಸದ್ಯದ ನಿಯಮ: ನಾವು ಪರಿವರ್ತನೆ ಮಾಡುವುದಿಲ್ಲ. ಅಂಕಪಟ್ಟಿಯ ಹಿಂಬದಿಯಲ್ಲಿ ಸೂತ್ರ ಮುದ್ರಿಸಿದ್ದರೆ ಅದು, ಇಲ್ಲವಾದರೆ ಕಾಲೇಜಿನಿಂದ ಪರಿವರ್ತನಾ ಪತ್ರ. ಪತ್ರಗಳು ಬರುತ್ತಿವೆ, ನಿಧಾನವಾಗಿ.

ಈ ಗುಂಪಿನ ಹಳೇ ಫಾರಂನಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಶೇಕಡಾವನ್ನೂ ಕೇಳುತ್ತಿದ್ದರು. ಅದನ್ನು ತೆಗೆದಿದ್ದೇನೆ. 2021ರಲ್ಲಿ ಎಸ್ಸೆಸ್ಸೆಲ್ಸಿ ಬರೆದವರು ಜುಲೈ 19 ಮತ್ತು 22ರಂದು ಎರಡೇ ದಿನದಲ್ಲಿ ಬಹು ಆಯ್ಕೆ ಪ್ರಶ್ನೆಗಳಿಗೆ ಉತ್ತರಿಸಿದರು, ವಿಷಯಕ್ಕೆ 40 ಅಂಕ. ಅದನ್ನು ಹಿಗ್ಗಿಸಿ 625ರ ಅಂಕಪಟ್ಟಿ ಮಾಡಿದ್ದು. ಅದೇ ವರ್ಷ ದ್ವಿತೀಯ ಪಿಯುಸಿಯ ರೆಗ್ಯುಲರ್ ವಿದ್ಯಾರ್ಥಿಗಳಿಗೆ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿಯಿಂದ 45, ಪ್ರಥಮ ಪಿಯುಸಿಯಿಂದ 45, ಆಂತರಿಕ 10 ಎಂದು ಸೇರಿಸಿ ಅಂಕ ಕೊಟ್ಟರು. ಆ ಅಂಕವನ್ನು ಮರುವರ್ಷ ಪರೀಕ್ಷೆ ಬರೆದವರ ಅಂಕದ ಪಕ್ಕ ಇಡಬಹುದೇ ಎಂಬ ಪ್ರಶ್ನೆ 2022ರ ಸಿಇಟಿ ರ‍್ಯಾಂಕಿನ ವಿಚಾರದಲ್ಲಿ ಹೈಕೋರ್ಟಿಗೇ ಹೋಗಿತ್ತು. ಅಂಥ ಎರಡು ಅಂಕಪಟ್ಟಿಗಳನ್ನು ಹೋಬಳಿಯ ಸಮಿತಿಯೊಂದು ಒಂದೇ ಕಾಲಂನಲ್ಲಿ ಇಡಬಾರದು ಎಂದು ನನ್ನ ಖಚಿತ ಅಭಿಪ್ರಾಯ.

ಖರ್ಚು

ಫಾರಂ 150 ಪ್ರತಿ, ತಲಾ 2 ರೂಪಾಯಿ: 300. ರಿಜಿಸ್ಟರ್ 90. ಪ್ರಿಂಟರಿಗೆ ಇಂಕ್ 250. ಪೆನ್‌ಡ್ರೈವ್ 350, ಒಂದು ಪ್ರತಿ ಮೇಷ್ಟ್ರ ಮನೆಯಲ್ಲಿ ಇಡಲು. ಒಟ್ಟು 990 ರೂಪಾಯಿ. ನಿಧಿಯಿಂದ ತೆಗೆದಿಲ್ಲ, ಸಮಿತಿಯವರೇ ಹಂಚಿಕೊಂಡರು.

ಹತ್ತನೇ ತರಗತಿ ಮತ್ತು ಪಿಯುಸಿ ಗುಂಪಿನ ಪಟ್ಟಿಯನ್ನು ಸೊಸೈಟಿಯ ನೋಟಿಸ್ ಬೋರ್ಡಿಗೆ ಹಾಕಿದ್ದೇವೆ. ಹೆಸರಿನ ಬದಲು ಅರ್ಜಿ ಸಂಖ್ಯೆ. ಎದುರಿಗೆ ಗಳಿಸಿದ್ದು, ಗರಿಷ್ಠ, ಶೇಕಡಾ, ಹಿಗ್ಗಿಸಿದ ಅಂಕ, ಅಗತ್ಯದ ಅಂಕ, ಮೊತ್ತ. ಯಾರು ಬೇಕಾದರೂ ಕ್ಯಾಲ್ಕುಲೇಟರ್ ತಂದು ತಾಳೆ ನೋಡಬಹುದು. ಆಕ್ಷೇಪಣೆಗೆ ಒಂದು ವಾರ ಕೊಟ್ಟಿದ್ದೇವೆ. ಡಿಗ್ರಿ ಗುಂಪಿನದ್ದು ಪರಿವರ್ತನಾ ಪತ್ರಗಳು ಎಲ್ಲ ಕೈಸೇರಿದ ಮೇಲೆ.